ಪಾಲಿಸಿಗೆ ಸಹಿ ಹಾಕುವ ಮುನ್ನ ಮಾತ್ರೆಯ ಮಾತು

ಪುಟ್ಟೀ,

ನೀನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪಾಲಿಸಿ ಪುಸ್ತಕ ಓದಿದೆ. ಮುಖಪುಟದಲ್ಲಿ ನಗುವ ಅಜ್ಜ-ಅಜ್ಜಿ, ಕೆಳಗೆ ದಪ್ಪಕ್ಷರದಲ್ಲಿ 10 ಲಕ್ಷ. ಭದ್ರಾವತಿಯಲ್ಲಿ ಇಷ್ಟು ಕಾಲ ಮೆಡಿಕಲ್ ಶಾಪ್ ನಡೆಸಿದವನು ನಾನು, ನನ್ನ ಕಣ್ಣು ಮೊದಲು ಹೋಗುವುದು ಒಳಪುಟದ ಸಣ್ಣಕ್ಷರಕ್ಕೆ. ಅಲ್ಲಿ ಸಿಕ್ಕಿತು: ಹೊರರೋಗಿ ಚಿಕಿತ್ಸೆಯ ಖರ್ಚು ಈ ಪಾಲಿಸಿಯಲ್ಲಿ ಸೇರಿಲ್ಲ. ಏಜೆಂಟ್ ಇದನ್ನು ಮುಚ್ಚಿಟ್ಟ ಅಂತ ನಾನು ಹೇಳುವುದಿಲ್ಲ. ನೀನು ಕೇಳಿರುವುದಿಲ್ಲ, ಅವನೂ ಹೇಳಿರುವುದಿಲ್ಲ, ಅಷ್ಟೇ.

ಅಪ್ಪನಿಗೆ ಶುಗರ್ ಮತ್ತು ಬಿಪಿ, ಅಮ್ಮನಿಗೆ ಥೈರಾಯ್ಡ್. ಇಬ್ಬರೂ ಆಸ್ಪತ್ರೆಯಲ್ಲಿ ಮಲಗಿದವರಲ್ಲ, ಮಲಗದೇ ಇರಲಿ. ಆದರೆ ತಿಂಗಳು ಹುಟ್ಟಿದರೆ ಮಾತ್ರೆ ಬೇಕೇ ಬೇಕು. ನಿಮ್ಮ ಮನೆಯ ದುಡ್ಡು ಸೋರುತ್ತಿರುವುದು ಅಲ್ಲಿ, ನೀನು ತೇಪೆ ಹಾಕಲು ಹೊರಟಿರುವುದು ಇನ್ನೊಂದು ಕಡೆ. ಪಾಲಿಸಿ ಬೇಡ ಅನ್ನುತ್ತಿಲ್ಲ ಕಣಮ್ಮಾ. ಹೃದಯದ ಆಪರೇಷನ್ ಬಿಲ್ಲು ಬಂದರೆ ಅಡಿಕೆ ತೋಟ ಇದ್ದವರೂ ಕೈಸಾಲಕ್ಕೆ ಹೋಗುತ್ತಾರೆ, ನಾವು ಯಾವ ಲೆಕ್ಕ? ಪಾಲಿಸಿ ಮಾಡಿಸು. ಆದರೆ ಅದು ಯಾವುದಕ್ಕೆ, ಯಾವುದಕ್ಕಲ್ಲ ಅನ್ನುವುದು ತಿಳಿದು ಮಾಡಿಸು.

ನಮ್ಮ ಮನೆಯನ್ನೇ ನೋಡು. ನಿನ್ನ ಅಜ್ಜ ವಿಐಎಸ್‌ಎಲ್‌ನಲ್ಲಿದ್ದವರು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಆ ಕಾರ್ಖಾನೆಗೆ ನ್ಯೂಟೌನಿನಲ್ಲಿ ತನ್ನದೇ ಆಸ್ಪತ್ರೆ. ಅಪ್ಪಯ್ಯ ಬಿಪಿ ಮಾತ್ರೆಗೆ ದುಡ್ಡು ಕೊಟ್ಟದ್ದು ನಾನು ನೋಡಿಲ್ಲ. ಪುಸ್ತಕ ತಗೊಂಡು ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಕಾಗದದ ಪೊಟ್ಟಣದಲ್ಲಿ ಮಾತ್ರೆ ತರುವುದು. ನನ್ನ ಅಂಗಡಿಗೆ ಅವರು ಬರುತ್ತಿದ್ದುದು ಪೇಪರ್ ಓದುವುದಕ್ಕೆ! ನಿನ್ನ ಅಪ್ಪ ಮಾಚೇನಹಳ್ಳಿಯ ಫೌಂಡ್ರಿಗೆ ಸೇರಿದ, ಅವನಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ ಇತ್ತು. ಅಲ್ಲೂ ಮಾತ್ರೆ ಸಿಗುತ್ತಿತ್ತು, ಗೊಣಗಾಟದ ಜೊತೆಗೆ. ಈಗ ನೀನು. ಶಿವಮೊಗ್ಗದಲ್ಲಿ ಒಳ್ಳೆಯ ಸಂಬಳ, ಕಂಪನಿಯ ಗ್ರೂಪ್ ಪಾಲಿಸಿ, ಹೊಳೆಯುವ ಕಾರ್ಡು. ನಿನಗೆ ಜ್ವರ ಬಂದರೆ ಮಾತ್ರೆ ನಿನ್ನ ಜೇಬಿನದೇ. ಮೂರು ತಲೆಮಾರಿನಲ್ಲಿ ಸಂಬಳ ಏರಿತು, ಕಾರ್ಡಿನ ಮೇಲಿನ ಅಂಕಿ ಏರಿತು, ಮಾತ್ರೆ ಮಾತ್ರ ಕೈಬಿಟ್ಟುಹೋಯಿತು. ಕಾಗದ ಕಾರ್ಖಾನೆ ಎಂಪಿಎಂ 2015ರಲ್ಲಿ ನಿಂತುಹೋದಾಗ, 2023ರಲ್ಲಿ ವಿಐಎಸ್‌ಎಲ್ ಮುಚ್ಚುತ್ತೇವೆ ಎಂದು ಅದರ ಒಡೆಯ ಸೈಲ್ ಹೇಳಿದಾಗ ಊರೆಲ್ಲ ಸಂಬಳದ ಮಾತಾಡಿತು, ಸರಿಯೇ. ನನ್ನ ಕೌಂಟರಿನ ಮುಂದೆ ನಿಂತವರು ಆಡುತ್ತಿದ್ದ ಮಾತೇ ಬೇರೆ: ಇನ್ನು ಮೇಲೆ ಮಾತ್ರೆಗೆ ಏನು ಮಾಡುವುದು?

ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. ‘ದೊಡ್ಡಪ್ಪಾ, ಹೊಸ ವಿಮಾ ಕಾನೂನು ಬಂದಿದೆಯಂತೆ, ಇನ್ನು ಮಾತ್ರೆಗೂ ಕ್ಲೇಮ್ ಸಿಗುತ್ತದಂತೆ, ಹೌದಾ?’ ಇಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ವಿಮಾ ಕಾಯ್ದೆಗಳ ತಿದ್ದುಪಡಿಗೆ ಒಪ್ಪಿಗೆ ಕೊಟ್ಟದ್ದು ನಿಜ. ಅದರಲ್ಲಿ ದೊಡ್ಡ ಸುದ್ದಿಯಾದದ್ದು ವಿದೇಶಿ ಬಂಡವಾಳಕ್ಕೆ ಶೇ 100ರವರೆಗೆ ಬಾಗಿಲು ತೆರೆದದ್ದು. ಡಾಕ್ಟರು ಬರೆದ ತಿಂಗಳ ಮಾತ್ರೆಗೆ ಪ್ರತಿ ಪಾಲಿಸಿಯೂ ದುಡ್ಡು ಕೊಡಲೇಬೇಕು ಎಂಬ ಸಾಲು ಅದರಲ್ಲಿಲ್ಲ. 2024ರ ಮೇ 29ರಂದು ಐಆರ್‌ಡಿಎಐ, ಅಂದರೆ ವಿಮಾ ಕಂಪನಿಗಳ ಮೇಲಿನ ಯಜಮಾನ, ಹೊರಡಿಸಿದ ಮಾಸ್ಟರ್ ಸುತ್ತೋಲೆಯಲ್ಲಿ ಒಳ್ಳೆಯ ಸಂಗತಿಗಳಿವೆ. ಕ್ಯಾಶ್‌ಲೆಸ್ ಕೇಳಿದರೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಕಾಗದ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಮಾತ್ರೆಯನ್ನು ಅದೂ ಕಡ್ಡಾಯ ಮಾಡಿಲ್ಲ.

ಯಾಕೆ ಮಾಡಿಲ್ಲ ಅನ್ನುವುದನ್ನೂ ಕೇಳು, ಕಂಪನಿಯವರ ಮಾತಿನಲ್ಲೂ ಸ್ವಲ್ಪ ನ್ಯಾಯವಿದೆ. ವಿಮೆ ನಡೆಯುವುದು ಆಗಬಹುದು, ಆಗದೆಯೂ ಇರಬಹುದು ಎಂಬ ಕಷ್ಟದ ಮೇಲೆ. ಶುಗರ್ ಮಾತ್ರೆ ಹಾಗಲ್ಲ, ಪ್ರತಿದಿನ ಬೇಕೆಂಬುದು ಖಚಿತ. ಜುಲೈ ತಿಂಗಳಲ್ಲಿ ಆಗುಂಬೆಯವರಿಗೆ ಮಳೆಯ ಮೇಲೆ ವಿಮೆ ಮಾರಿದ ಹಾಗಾಗುತ್ತದೆ. ಹಾಗಾಗಿಯೇ ಹೊರರೋಗಿ ಖರ್ಚಿಗೆಂದು ‘ಓಪಿಡಿ ರೈಡರ್’ ಹೆಸರಲ್ಲಿ ಮಾರುವ ಪಾಲಿಸಿಗಳನ್ನು ಕೂಡಿ ಕಳೆದು ನೋಡು: ವರ್ಷಕ್ಕೆ ಅವರು ಕೊಡುವ ಮಿತಿಗೂ ಅದಕ್ಕೆಂದು ನೀನು ಹೆಚ್ಚಿಗೆ ಕಟ್ಟುವ ಪ್ರೀಮಿಯಂಗೂ ಅಂತರ ಬಹಳ ಇರುವುದಿಲ್ಲ. ನಿನ್ನ ದುಡ್ಡನ್ನೇ ನಿನಗೆ ವಾಪಸ್ ಕೊಡುತ್ತಾರೆ, ನಡುವೆ ಫಾರ್ಮ್ ತುಂಬುವ ಕೆಲಸ ನಿನ್ನದು. ನನ್ನನ್ನು ಕೇಳಿದರೆ ಆ ರೈಡರ್ ಬೇಡ.

ಹಾಗಾದರೆ ಪಾಲಿಸಿಯಲ್ಲಿ ಮಾತ್ರೆಗೆ ಏನೂ ಇಲ್ಲವೇ? ಇದೆ. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಅಡ್ಮಿಟ್ ಆಗುವ ಮೊದಲಿನ ಕೆಲವು ದಿನ, ಡಿಸ್ಚಾರ್ಜ್ ಆದ ಮೇಲಿನ ಕೆಲವು ದಿನ, ಅದೇ ಕಾಯಿಲೆಗೆ ಕೊಂಡ ಔಷಧ ಮತ್ತು ಪರೀಕ್ಷೆಯ ಖರ್ಚು ಸಿಗುತ್ತದೆ. 2020ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರಬೇಕಾದ ‘ಆರೋಗ್ಯ ಸಂಜೀವನಿ’ ಎಂಬ ಮಾದರಿ ಪಾಲಿಸಿಯಲ್ಲಿ ಮೊದಲಿನ 30 ದಿನ, ನಂತರದ 60 ದಿನ. ನಿನ್ನ ಪುಸ್ತಕದಲ್ಲಿ ಎಷ್ಟಿದೆ ನೋಡಿಕೋ. ಸ್ಟೆಂಟ್ ಹಾಕಿಸಿಕೊಂಡವನು ಮನೆಗೆ ಬಂದ ಮೇಲೆ ನುಂಗುವ ರಕ್ತ ತೆಳುವಾಗಿಸುವ ಮಾತ್ರೆಯೇ ದುಬಾರಿ. ಆ 60 ದಿನದ ಬಿಲ್ಲುಗಳನ್ನು ಒಂದು ಕವರಿನಲ್ಲಿ ಹಾಕಿಟ್ಟು, ಅವಧಿ ಮುಗಿದ 15 ದಿನದೊಳಗೆ ಕಳಿಸಬೇಕು. ಎಷ್ಟು ಜನ ಕಳಿಸುತ್ತಾರೆ? ಡಿಸ್ಚಾರ್ಜ್ ಆದ ಸಂಭ್ರಮದಲ್ಲಿ ಫೈಲು ಅಟ್ಟ ಸೇರುತ್ತದೆ.

ಬಿಲ್ಲಿನ ಬಗ್ಗೆ ಅಂಗಡಿಯವನಾಗಿ ಒಂದು ಮಾತು. ‘ಮಾತ್ರೆ, 1,840 ರೂ.’ ಎಂದು ಬಿಳಿ ಚೀಟಿಯಲ್ಲಿ ಗೀಚಿದ್ದು ಬಿಲ್ಲಲ್ಲ. ರೋಗಿಯ ಹೆಸರು, ಡಾಕ್ಟರ ಹೆಸರು, ಔಷಧದ ಹೆಸರು, ಬ್ಯಾಚ್ ನಂಬರು, ಎಕ್ಸ್‌ಪೈರಿ, ಅಂಗಡಿಯ ಲೈಸೆನ್ಸ್ ನಂಬರು, ದಿನಾಂಕ ಇಷ್ಟೂ ಇರಬೇಕು. ಡಾಕ್ಟರ ಚೀಟಿಯ ತಾರೀಖು ಬಿಲ್ಲಿನ ದಿನದ್ದೇ ಇಲ್ಲವೇ ಅದಕ್ಕಿಂತ ಹಿಂದಿನದಾಗಿರಬೇಕು. ಇದು ಹೇಳುವ ಮಾತೇ ಅಂತ ನಗಬೇಡ. ಮೊದಲು ಮಾತ್ರೆ ತಂದು, ವಾರ ಬಿಟ್ಟು ಚೀಟಿ ಬರೆಸಿಕೊಂಡ ಕ್ಲೇಮುಗಳು ತಿರಸ್ಕಾರವಾಗಿ ಬಂದಾಗ ಅಳುತ್ತಾ ನನ್ನ ಹತ್ತಿರ ಬಂದವರಿದ್ದಾರೆ. ನಾನು ಹಳೆಯ ತಾರೀಖಿನ ಬಿಲ್ಲು ಕೊಡಲಿಲ್ಲ ಎಂದು ಮಾತು ಬಿಟ್ಟವರೂ ಇದ್ದಾರೆ.

ಇನ್ನೊಂದು. ಪ್ರಪೋಸಲ್ ಫಾರ್ಮಿನಲ್ಲಿ ‘ಕಳೆದ ವರ್ಷಗಳಲ್ಲಿ ಯಾವುದಾದರೂ ಔಷಧ ನಿರಂತರವಾಗಿ ತೆಗೆದುಕೊಳ್ಳುತ್ತಿದ್ದೀರಾ’ ಎಂಬ ಪ್ರಶ್ನೆ ಇರುತ್ತದೆ. ಅಲ್ಲಿ ‘ಇಲ್ಲ’ ಎಂದು ಟಿಕ್ ಹಾಕಿಸುವವರು ಬೇಕಾದಷ್ಟಿದ್ದಾರೆ, ಪ್ರೀಮಿಯಂ ಕಡಿಮೆಯಾಗುತ್ತದೆ ಅಂತ. ಹಾಕಬೇಡ. ಅಪ್ಪನ ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್, ಅಮ್ಮನ ಥೈರಾಕ್ಸಿನ್ ಎಲ್ಲವನ್ನೂ ಹೆಸರು ಹಿಡಿದು ಬರೆ. 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು, ಅದಕ್ಕಿಂತ ಹೆಚ್ಚಿಲ್ಲ. 60 ತಿಂಗಳು ಬಿಡದೆ ಪ್ರೀಮಿಯಂ ಕಟ್ಟಿದವರ ಕ್ಲೇಮನ್ನು ‘ಆಗ ಹೇಳಿರಲಿಲ್ಲ’ ಎಂಬ ಕಾರಣಕ್ಕೆ ತಳ್ಳಿಹಾಕುವಂತಿಲ್ಲ, ವಂಚನೆ ಅಂತ ಸಾಬೀತಾದರೆ ಬೇರೆ ಮಾತು. ಕಾದರೆ ಸಿಗುವ ಹಕ್ಕನ್ನು ಒಂದು ಸುಳ್ಳು ಟಿಕ್‌ಗೆ ಮಾರಿಕೊಳ್ಳುವುದು ಯಾವ ಬುದ್ಧಿ? ಪಾಲಿಸಿ ಕೈಗೆ ಬಂದ ಮೇಲೂ 30 ದಿನ ಟೈಮಿದೆ, ಓದಿ ಒಪ್ಪದಿದ್ದರೆ ವಾಪಸ್ ಕೊಡಬಹುದು. ಅಪ್ಪನಿಗೆ 60 ದಾಟಿದೆ. 2025ರ ಜನವರಿಯ ಆದೇಶದಂತೆ ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಮಾತಾಡಬೇಕು. ವೈಯಕ್ತಿಕ ಪಾಲಿಸಿ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಏಜೆಂಟ್ ಕೊಟ್ಟ ಲೆಕ್ಕದಲ್ಲಿ ತೆರಿಗೆ ಸೇರಿಸಿದ್ದಾನಾ ನೋಡು.

ಈಗ ನಿಜವಾಗಿ ಹೇಳಬೇಕೆಂದಿದ್ದ ವಿಷಯ. ನಿನ್ನ ಅಪ್ಪನ ಇಎಸ್‌ಐ.

ಕೆಲಸ ಬಿಟ್ಟ ದಿನವೇ ಅದು ಮುಗಿಯಿತು ಎಂದು ಅವನು ತಿಳಿದಿದ್ದಾನೆ. ಕಾರ್ಡನ್ನು ಯಾವ ಡಬ್ಬಿಗೆ ಹಾಕಿದ್ದಾನೋ! ಇಎಸ್‌ಐ ನಿಯಮಗಳಲ್ಲಿ ಒಂದು ಸಾಲಿದೆ, ಕಾರ್ಮಿಕರಿಗೂ ಗೊತ್ತಿಲ್ಲ, ಬಹಳಷ್ಟು ಮುಖಂಡರೂ ಹೇಳುವುದಿಲ್ಲ. ಕನಿಷ್ಠ ಐದು ವರ್ಷ ಇಎಸ್‌ಐ ವಂತಿಗೆ ಕಟ್ಟಿ, ವಯಸ್ಸಾಗಿ ನಿವೃತ್ತನಾದವನು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಅವನಿಗೂ ಅವನ ಹೆಂಡತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ತಿಂಗಳಿಗಲ್ಲ, ವರ್ಷಕ್ಕೆ 120. ಇಎಸ್‌ಐ ಅಂದರೆ ಅಡ್ಮಿಟ್ ಆದರೆ ಮಾತ್ರ ಅಲ್ಲ. ಡಿಸ್ಪೆನ್ಸರಿಯಲ್ಲಿ ತೋರಿಸಿ ಮಾತ್ರೆ ತರುವುದೂ ಅದರಲ್ಲೇ ಇದೆ. ಈ ದೇಶದಲ್ಲಿ ಹೊರರೋಗಿಯ ಚಿಕಿತ್ಸೆಯನ್ನು 1948ರ ಕಾಯ್ದೆಯಲ್ಲೇ ಬರೆದು ಕೊಟ್ಟ ದೊಡ್ಡ ವಿಮೆ ಅದು. ನಿನ್ನ 10 ಲಕ್ಷದ ಪಾಲಿಸಿ ಕೊಡದದ್ದನ್ನು ಆ 120 ರೂಪಾಯಿ ಕೊಡುತ್ತದೆ.

ಅಲ್ಲಿ ಸಾಲು ಉದ್ದ, ಕೆಲವು ಸಲ ಔಷಧ ಇರುವುದಿಲ್ಲ, ಕಿಟಕಿಯ ಹಿಂದಿನವರ ಮುಖ ಗಂಟು. ಎಲ್ಲ ಒಪ್ಪುತ್ತೇನೆ. ಆದರೂ ಲೆಕ್ಕ ನೋಡು. 20,000 ಸಂಬಳದವನಿಂದ ತಿಂಗಳಿಗೆ ಶೇ 0.75ರಂತೆ 150 ರೂಪಾಯಿ, ಮಾಲೀಕನಿಂದ ಶೇ 3.25ರಂತೆ 650. ಅಷ್ಟಕ್ಕೆ ಇಡೀ ಕುಟುಂಬಕ್ಕೆ ಮಾತ್ರೆಯಿಂದ ಆಪರೇಷನ್‌ವರೆಗೆ. ಆರೋಗ್ಯವಂತರು, ರೋಗಿಗಳು ಎಲ್ಲರೂ ಕಡ್ಡಾಯವಾಗಿ ಕಟ್ಟುವುದರಿಂದ ಹೀಗೆ ಸಾಧ್ಯ. ಯಾರಿಗೆ ಕಾಯಿಲೆಯಿದೆಯೋ ಅವರೇ ಹುಡುಕಿಕೊಂಡು ಬಂದು ಸೇರುವ ಕಡೆ ಮಾತ್ರೆಯ ವಿಮೆ ಗಿಟ್ಟುವುದಿಲ್ಲ, ಎಲ್ಲರನ್ನೂ ಸೇರಿಸಿದ ಕಡೆ ಗಿಟ್ಟುತ್ತದೆ. ಆಗುಂಬೆಯ ಮಳೆವಿಮೆ ಎಂದೆನಲ್ಲ, ಆ ತೊಡಕಿಗೆ ಉತ್ತರ ಇಲ್ಲಿದೆ. ತೊಂದರೆ ಏನೆಂದರೆ 21,000 ರೂಪಾಯಿಯ ಸಂಬಳದ ಮಿತಿ 2017ರ ಜನವರಿಯಲ್ಲಿ ನಿಗದಿಯಾದದ್ದು. ಗಾರ್ಮೆಂಟ್ಸ್‌ನಲ್ಲಿ ಹತ್ತು ವರ್ಷ ದುಡಿದ ಹೆಣ್ಣುಮಗಳು ಸ್ವಲ್ಪ ಸಂಬಳ ಹೆಚ್ಚಿದರೆ ಇಎಸ್‌ಐ ಕಳೆದುಕೊಳ್ಳುತ್ತಾಳೆ. 2025ರ ನವೆಂಬರ್ 21ರಿಂದ ಹಳೆಯ ಇಎಸ್‌ಐ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಹಾಗಾಗಿ ಅಪ್ಪನನ್ನು ಕರೆದುಕೊಂಡು ಹೋಗುವ ಮುಂಚೆ ಶಿವಮೊಗ್ಗದ ಶಾಖಾ ಕಚೇರಿಯಲ್ಲಿ ಯಾವ ಫಾರ್ಮ್, ಯಾವ ಸರ್ಟಿಫಿಕೇಟ್ ಎಂದು ಕೇಳಿಕೊಂಡು ಹೋಗು. ಕೆಲಸ ಮಾಡಿದ ಫೌಂಡ್ರಿಯ ಪತ್ರ ಬೇಕಾದೀತು.

ಇಎಸ್‌ಐ ಇಲ್ಲದವರು? ಬಿಪಿಎಲ್ ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸೊಸೈಟಿ ಸದಸ್ಯರಿಗೆ ಯಶಸ್ವಿನಿ. ಇವೆಲ್ಲ ಆಪರೇಷನ್, ಅಡ್ಮಿಷನ್ನಿನ ಕಡೆಯವೇ. ಆದರೆ ಆಯುಷ್ಮಾನ್‌ನಲ್ಲಿ ಡಿಸ್ಚಾರ್ಜ್ ಆದ ಮೇಲಿನ 15 ದಿನದ ಔಷಧ ಪ್ಯಾಕೇಜಿನಲ್ಲೇ ಸೇರಿದೆ. ಆಸ್ಪತ್ರೆಯವರು ಚೀಟಿ ಬರೆದು ‘ಹೊರಗೆ ತಗೊಳ್ಳಿ’ ಎಂದರೆ ಸುಮ್ಮನೆ ತಲೆಯಾಡಿಸಬಾರದು. ಅಲ್ಲಿ ಕೂತಿರುವ ಆರೋಗ್ಯಮಿತ್ರರನ್ನು ಕೇಳಬೇಕು, 14555ಕ್ಕೆ ಫೋನ್ ಮಾಡಬೇಕು. ನಿಮ್ಮ ಬೀದಿಯವರಿಗೂ ಇದನ್ನು ಹೇಳು.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಸರ್ಕಾರಿ ಆಸ್ಪತ್ರೆಯ ಮಾತ್ರೆಯ ವಿಷಯದಲ್ಲಿ ನಮ್ಮವರದು ಅದೇ ಕಥೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ, ಭದ್ರಾವತಿಯ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ಬಿಪಿ, ಶುಗರ್‌ಗೆಂದೇ ಎನ್‌ಸಿಡಿ ವಿಭಾಗವಿದೆ, ಮಾತ್ರೆ ಉಚಿತ. ಮನೋರೋಗಕ್ಕೆ ತಾಲ್ಲೂಕು ಮಟ್ಟದಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್. ಮನೋವೈದ್ಯ ಡಾ. ಅಶೋಕ್ ಪೈ ಅವರಂಥವರಿದ್ದ ಊರು ಶಿವಮೊಗ್ಗ, ಮನಸ್ಸಿನ ಕಾಯಿಲೆಗೂ ಮಾತ್ರೆಯಿದೆ, ಅದು ಮಾಟವಲ್ಲ ಎಂದು ನಮ್ಮ ಕಡೆಯ ಜನಕ್ಕೆ ಹೇಳಿ ಹೇಳಿ ಒಪ್ಪಿಸಿದವರು. 2017ರ ಮಾನಸಿಕ ಆರೋಗ್ಯ ಕಾಯ್ದೆ ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು ಕಂಪನಿಗಳಿಗೆ ಹೇಳಿತು. ಒಳ್ಳೆಯದೇ. ಆದರೆ ದೇಹದ ಕಾಯಿಲೆಗೇ ಹೊರರೋಗಿ ಮಾತ್ರೆ ಇಲ್ಲದ ಮೇಲೆ ಮನಸ್ಸಿನ ಕಾಯಿಲೆಗೆ ಎಲ್ಲಿಂದ ಬರಬೇಕು? ವರ್ಷಗಟ್ಟಲೆ ಮಾತ್ರೆ ನುಂಗಬೇಕಾದ, ಅಡ್ಮಿಟ್ ಆಗುವುದೇ ಅಪರೂಪವಾದ ಕಾಯಿಲೆಗೆ ‘ಸಮಾನ’ ಎಂಬ ಹಕ್ಕು ಕೊಟ್ಟು ಏನು ಸಿಕ್ಕಿತು ಅಂತ ನನಗೆ ಅನ್ನಿಸುತ್ತದೆ.

ಕ್ಯಾನ್ಸರಿನ ವಿಷಯದಲ್ಲಿ ಮಾತ್ರ ಒಂದು ಬಾಗಿಲು ತೆರೆದಿದೆ. ಬಾಯಿಂದ ನುಂಗುವ ಕೀಮೋ ಮಾತ್ರೆಯನ್ನು ಪಾಲಿಸಿಯಿಂದ ಹೊರಗಿಡಬಾರದು ಎಂದು 2019ರಲ್ಲಿ ಐಆರ್‌ಡಿಎಐ ಹೇಳಿತು. ಮಿತಿ ಹಾಕಬಹುದು, ಇಲ್ಲವೇ ಇಲ್ಲ ಅನ್ನುವಂತಿಲ್ಲ. ನಿನ್ನ ಪುಸ್ತಕದಲ್ಲಿ ‘ಆಧುನಿಕ ಚಿಕಿತ್ಸೆ’ ಎಂಬ ತಲೆಬರಹದ ಕೆಳಗೆ ಶೇಕಡಾ ಎಷ್ಟು ಎಂದು ಬರೆದಿರುತ್ತದೆ. ಆರೋಗ್ಯ ಸಂಜೀವನಿಯಲ್ಲಿ ವಿಮಾ ಮೊತ್ತದ ಅರ್ಧ. ಕಂಪನಿಗಳು ತಾವಾಗಿ ಕೊಟ್ಟದ್ದಲ್ಲ ಇದು, ನಿಯಮ ಬಂತು, ಕೊಟ್ಟರು.

ಅಮೆರಿಕದಲ್ಲಿರುವ ನಿನ್ನ ಅಣ್ಣನನ್ನು ಕೇಳಿ ನೋಡು. ಅಲ್ಲಿ 2010ರ ಕಾಯ್ದೆ ವೈಯಕ್ತಿಕ ಪಾಲಿಸಿಗಳಲ್ಲಿ ಇರಲೇಬೇಕಾದ ಹತ್ತು ಸೌಲಭ್ಯಗಳನ್ನು ಪಟ್ಟಿಮಾಡಿತು, ಡಾಕ್ಟರು ಬರೆದ ಔಷಧವೂ ಅದರಲ್ಲೊಂದು. ಅಲ್ಲಿಯ ಹಿರಿಯರ ಸರ್ಕಾರಿ ವಿಮೆಯಲ್ಲಿ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರಿಗಿಂತ ಹೆಚ್ಚು ಕೀಳುವಂತಿಲ್ಲ. ಹಾಗೆಂದು ಅದೇ ಸ್ವರ್ಗ ಅಂದುಕೊಳ್ಳಬೇಡ. ಡಾಕ್ಟರು ಒಂದು ಮಾತ್ರೆ ಬರೆದರೆ ಕಂಪನಿ ‘ಮೊದಲು ಅಗ್ಗದ್ದು ತಿನ್ನು, ಅದು ಕೆಲಸ ಮಾಡದಿದ್ದರೆ ಇದು’ ಅನ್ನುತ್ತದೆ. ಅದನ್ನು ತಡೆಯಲು ಹಲವು ರಾಜ್ಯಗಳು ತಮ್ಮ ತಮ್ಮ ಕಾನೂನು ಮಾಡಿಕೊಂಡು ಕೂತಿವೆ. ನಮಗಿನ್ನೂ ಆ ಜಗಳ ಆಡುವ ಭಾಗ್ಯವೂ ಬಂದಿಲ್ಲ! ಅಂದಹಾಗೆ ಅಪ್ಪ-ಅಮ್ಮನನ್ನು ಅಲ್ಲಿಗೆ ಕಳಿಸುವುದಾದರೆ ಇರುವಷ್ಟು ದಿನಕ್ಕೂ ಮಾತ್ರೆ, ಜೊತೆಗೆ ಡಾಕ್ಟರ ಚೀಟಿ ಇಲ್ಲಿಂದಲೇ ಕಟ್ಟಿ ಕಳಿಸು. ಪ್ರವಾಸಿ ವಿಮೆ ಹಳೆಯ ಶುಗರಿನ ಮಾತ್ರೆಗೆ ಸಾಮಾನ್ಯವಾಗಿ ಬಿಡಿಗಾಸು ಕೊಡುವುದಿಲ್ಲ.

ವಿಮೆ ಕೊಡದಿದ್ದರೆ ಬೆಲೆಯನ್ನಾದರೂ ಇಳಿಸಿಕೋ. ನಮ್ಮ ಕಸುಬಿನ ಒಳಗಿನ ಮಾತು ಹೇಳುತ್ತೇನೆ. 2022ರ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ 384 ಔಷಧಗಳಿವೆ. ಅವಕ್ಕೆ ಕೇಂದ್ರದ ಬೆಲೆ ಪ್ರಾಧಿಕಾರ ಗರಿಷ್ಠ ಬೆಲೆ ಕಟ್ಟುತ್ತದೆ. ಪಟ್ಟಿಯಲ್ಲಿಲ್ಲದ್ದರ ಬೆಲೆಯನ್ನು ಕಂಪನಿ ವರ್ಷಕ್ಕೆ ಶೇ 10ರವರೆಗೆ ಏರಿಸಿಕೊಳ್ಳಬಹುದು. ಎರಡು ಮೂರು ಔಷಧ ಬೆರೆಸಿ ಒಂದೇ ಮಾತ್ರೆ ಮಾಡಿದ್ದು ಎಷ್ಟೋ ಸಲ ಪಟ್ಟಿಯ ಹೊರಗೆ. ಅಪ್ಪನ ಬೆಳಗಿನ ಮಾತ್ರೆ ಅಂಥದ್ದೇ. ಬಿಡಿಬಿಡಿಯಾಗಿ ಬರೆದರೆ ಆಗುತ್ತದಾ ಎಂದು ಡಾಕ್ಟರನ್ನು ವಿನಯದಿಂದ ಕೇಳು, ನೀನೇ ಬದಲಾಯಿಸಬೇಡ. ಅಂಗಡಿಯವನನ್ನು ‘ಇದೇ ಔಷಧ ಅಗ್ಗದ್ದು ಕೊಡಿ’ ಎಂದು ಕೇಳಿದರೂ ಅವನು ಕೊಡುವಂತಿಲ್ಲ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ ಒಳಗಿನ ಔಷಧ ಒಂದೇ ಆದರೂ ಬೇರೆ ಕಂಪನಿಯದು ಕೊಡಬಾರದು ಎಂದೇ ಔಷಧ ನಿಯಮ ಹೇಳುತ್ತದೆ. ಆದ್ದರಿಂದ ಕೇಳಬೇಕಾದ ಜಾಗ ಡಾಕ್ಟರ ಕೋಣೆ, ನಮ್ಮ ಕೌಂಟರಲ್ಲ. ಡಾಕ್ಟರು ಔಷಧದ ಮೂಲ ಹೆಸರನ್ನೇ ಬರೆಯುವುದನ್ನು ಕಡ್ಡಾಯ ಮಾಡಿ 2023ರ ಆಗಸ್ಟಿನಲ್ಲಿ ವೈದ್ಯಕೀಯ ಆಯೋಗ ನಿಯಮ ತಂದಿತು, ಅದೇ ತಿಂಗಳು ತಡೆಹಿಡಿಯಿತು. ವೈದ್ಯರ ಸಂಘದವರು ಗುಣಮಟ್ಟದ ಪ್ರಶ್ನೆ ಎತ್ತಿದ್ದರು. ಆ ಪ್ರಶ್ನೆ ಸುಳ್ಳಲ್ಲ, ಆದರೆ ನಿಯಮವನ್ನೇ ಮೂಲೆಗೆ ಹಾಕುವುದು ಅದಕ್ಕೆ ಉತ್ತರವೂ ಅಲ್ಲ.

ಮೂಲ ಹೆಸರು ಬರೆಸಿಕೊಂಡರೆ ಜನೌಷಧಿ ಕೇಂದ್ರಕ್ಕೆ ಹೋಗು. ಬ್ರ್ಯಾಂಡಿಗಿಂತ ಶೇ 50ರಿಂದ 80ರಷ್ಟು ಕಡಿಮೆ ಎಂದು ಸರ್ಕಾರವೇ ಹೇಳುತ್ತದೆ, ಅಪ್ಪನ ಮಾತ್ರೆಗಳಲ್ಲಿ ಅದು ನಿಜವೂ ಹೌದು. ಮೆಡಿಕಲ್ ಶಾಪಿನವನಾಗಿ ನಾನೇ ಹೇಳುತ್ತಿದ್ದೇನಲ್ಲ ಎಂದು ನಗಬೇಡ, ಈಗ ನನಗೆ ಅಂಗಡಿಯಿಲ್ಲ, ಮಾತ್ರೆ ಮಾತ್ರ ಇದೆ. ಸರ್ಕಾರಿ ಆಸ್ಪತ್ರೆ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕು, ಅಲ್ಲಿ ಔಷಧ ಉಚಿತವಾಗಿಯೇ ಸಿಗಬೇಕು ಎಂದು ರಾಜ್ಯ ಸರ್ಕಾರ 2025ರ ಮೇನಲ್ಲಿ ಹೇಳಿತು, ವಿಷಯ ಹೈಕೋರ್ಟಿಗೆ ಹೋಯಿತು. ಉಚಿತವಾಗಿ ಸಿಗಬೇಕು ಎಂಬ ತತ್ವಕ್ಕೆ ನಾನೂ ಕೈ ಎತ್ತುತ್ತೇನೆ. ಆದರೆ ಸ್ಟಾಕ್ ಖಾಲಿಯಾದ ದಿನ ಭದ್ರಾವತಿಯ ಮುದುಕಿ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕಿತ್ತು.

ಖಾಸಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದಾಗ ‘ನಮ್ಮ ಫಾರ್ಮಸಿಯಲ್ಲೇ ತಗೊಳ್ಳಬೇಕು’ ಎಂದರೆ? ಔಷಧ ಎಲ್ಲಿ ಕೊಳ್ಳಬೇಕೆಂಬ ಆಯ್ಕೆ ರೋಗಿಯದು ಎಂದು ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪತ್ರದಲ್ಲಿದೆ. ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ 2025ರ ಮಾರ್ಚಿನಲ್ಲಿ ಕೋರ್ಟು ಈ ಬಗ್ಗೆ ನೀತಿ ಮಾಡುವುದನ್ನು ರಾಜ್ಯಗಳಿಗೆ ಬಿಟ್ಟಿತು. ನಮ್ಮ ರಾಜ್ಯ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಇದನ್ನೂ ಬರೆದುಕೋ.

ಕ್ಲೇಮ್ ತಿರಸ್ಕಾರವಾದರೆ ಹಣೆಬರಹ ಎಂದು ಕೂರಬೇಡ. ಮೊದಲು ಕಂಪನಿಗೆ ಬರೆ, ಅದೂ ಇ-ಮೇಲ್‌ನಲ್ಲಿ. 30 ದಿನದೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ. ಫೀಸಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವ್ಯಾಜ್ಯ ಕೇಳುತ್ತಾರೆ. ಇನ್ನು ಶಿವಮೊಗ್ಗದಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಪಾಲಿಸಿಯೇ ಸಿಗದ ಹಿರಿಯರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಔಷಧದ ಖರ್ಚನ್ನು ವರ್ಷಕ್ಕೆ 50,000ದವರೆಗೆ ಆದಾಯದಿಂದ ಕಳೆಯಬಹುದು, ನಗದು ಕೊಟ್ಟಿರಬಾರದು ಅಷ್ಟೇ. ಫೋನ್‌ಪೇ ಮಾಡು.

2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ ಒಟ್ಟು ಖರ್ಚಿನ ಶೇ 39.4 ಜನ ತಮ್ಮ ಕೈಯಿಂದಲೇ ಹಾಕಿದ್ದು. 2013-14ರಲ್ಲಿ ಅದು ಶೇ 64.2 ಇತ್ತು, ಇಳಿದಿದೆ, ಸಂತೋಷ. ಇನ್ನೂ ಇಳಿಯಬೇಕಾದರೆ ಮುಂದಿನ ಹೆಜ್ಜೆ ಮಾತ್ರೆಯದೇ ಆಗಬೇಕು. ಎಲ್ಲ ಹೊರರೋಗಿ ಖರ್ಚನ್ನೂ ಕೊಡಿ ಎಂದು ನಾನು ಕೇಳುವುದಿಲ್ಲ, ಅದು ಆಗುವ ಮಾತಲ್ಲ. ಬಿಪಿ, ಶುಗರ್, ಥೈರಾಯ್ಡ್, ಮೂರ್ಛೆ, ಅಸ್ತಮಾ, ಮನೋರೋಗ, ಇಷ್ಟಕ್ಕೆ. ಆ 384ರ ಪಟ್ಟಿಯಲ್ಲಿರುವ ಔಷಧಕ್ಕೆ. ಸರ್ಕಾರ ಕಟ್ಟಿದ ಗರಿಷ್ಠ ಬೆಲೆಯ ಮಿತಿಯೊಳಗೆ. ಎಲ್ಲ ಪಾಲಿಸಿಗಳಿಗೂ ಒಂದೇ ಸಲ ಕಡ್ಡಾಯ ಮಾಡಿದರೆ ಹೊರೆ ಎಲ್ಲರ ಮೇಲೂ ಹಂಚಿಹೋಗುತ್ತದೆ, ಇಎಸ್‌ಐ ಅದನ್ನು ಮಾಡಿ ತೋರಿಸಿದೆ. ವೇಳೆಗೆ ಸರಿಯಾಗಿ ಬಿಪಿ ಮಾತ್ರೆ ನುಂಗಿದವನು ಲಕ್ವ ಹೊಡೆಸಿಕೊಂಡು ಐಸಿಯು ಸೇರುವುದು ಕಡಿಮೆ, ಅದು ಕಂಪನಿಗೂ ಲಾಭವೇ.

ಐಆರ್‌ಡಿಎಐ ಹೊಸ ನಿಯಮ ಮಾಡುವ ಮುಂಚೆ ಕರಡನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿ ಅಭಿಪ್ರಾಯ ಕೇಳುತ್ತದೆ. ಕೇಂದ್ರದ ಮಸೂದೆಗಳಿಗೂ 2014ರಿಂದ 30 ದಿನ ಜನರ ಮುಂದಿಡುವ ನೀತಿಯಿದೆ. ಬರೆಯುವವರು ಕಂಪನಿಯವರು, ದೊಡ್ಡ ಆಸ್ಪತ್ರೆಯವರು. ಪೇಪರ್ ಟೌನಿನಿಂದ, ಜನ್ನಾಪುರದಿಂದ, ವಿನೋಬನಗರದಿಂದ ಯಾರು ಬರೆಯುತ್ತಾರೆ? ನಿನಗೆ ಕಂಪ್ಯೂಟರ್ ಗೊತ್ತು. ಮುಂದಿನ ಕರಡು ಬಂದ ದಿನ ನನಗೂ ಕಳಿಸು, ಮಾತ್ರೆಯ ಪಟ್ಟಿ ನಾನು ಹೇಳುತ್ತೇನೆ, ನೀನು ಟೈಪ್ ಮಾಡು, ನಿನ್ನ ಬೀದಿಯವರ ಸಹಿ ಹಾಕಿಸು.

ಅದಕ್ಕೂ ಮೊದಲು ಈ ಶನಿವಾರ ಭದ್ರಾವತಿಗೆ ಬಂದಾಗ ಅಪ್ಪನ ಇಎಸ್‌ಐ ನಂಬರು ಹುಡುಕು. 120 ರೂಪಾಯಿ ನಾನೇ ಕೊಡುತ್ತೇನೆ.

ನಿನ್ನ ದೊಡ್ಡಪ್ಪ